ಅಂಗವಿಕಲರ ಗಾಡಿಗೆ ಬೀದಿಯಲ್ಲಿ ಜಾಗ ಬೇಕು

(ಮಧುಗಿರಿಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದಲೂ ಜನರು ಬಂದಿದ್ದರು.)



ಇಂದಿನ ಮಾತಿನ ವಿಷಯ ತಿಳಿದಾಗ ಹಿರಿಯ ಮಿತ್ರರೊಬ್ಬರು ನನ್ನನ್ನು ತಡೆದು ಕೇಳಿದರು: "ಕುಡಿಯುವ ನೀರಿಗೆ ಗತಿಯಿಲ್ಲ, ಬೆಳೆದ ಕಡಲೆಕಾಯಿಗೆ ಬೆಲೆಯಿಲ್ಲ. ನೀವು ನೋಡಿದರೆ ಗಾಡಿ ನಿಲ್ಲಿಸುವ ಜಾಗದ ಮಾತು ಆಡುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಯಿತಲ್ಲ?" ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಆದುದರಿಂದ ಮೊದಲು ಅದಕ್ಕೆ ಉತ್ತರ ಹೇಳಿ ಆಮೇಲೆ ಮುಂದಕ್ಕೆ ಹೋಗುತ್ತೇನೆ.

ನನಗೆ ಪರಿಚಯವಿರುವ ಒಬ್ಬ ಕೆಲಸಗಾರರಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಅವರು ಯಾರ ಕನಿಕರವನ್ನೂ ಬೇಡಿದವರಲ್ಲ. ಎಣ್ಣೆಗಿರಣಿಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಒಂದು ಕಾಲು ಹೋಯಿತು. ಅನೇಕ ವರ್ಷ ಅರ್ಜಿ ಹಾಕಿದ ಮೇಲೆ ಹಿಂದುಗಡೆ ಎರಡು ಪಕ್ಕಗಾಲಿ ಕೂಡಿಸಿದ ಸ್ಕೂಟರು ಸರ್ಕಾರದಿಂದ ದೊರೆಯಿತು. ಅದು ಮನೆಗೆ ಬಂದ ದಿನ ಅವರ ಮಕ್ಕಳು ಅದಕ್ಕೆ ಹೂವಿನ ಹಾರ ಹಾಕಿದರು. ಪೇಟೆಯಲ್ಲಿ ಚಿಕ್ಕದೊಂದು ರಿಪೇರಿ ಅಂಗಡಿ ಇಟ್ಟರು. ಹಳ್ಳಿಯಿಂದ ಪೇಟೆಗೆ ಆರು ಮೈಲಿ. ಆ ಆರು ಮೈಲಿಯನ್ನು ಯಾರ ಹಂಗೂ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಬರುತ್ತಾರೆ. ಆದರೆ ಅಂಗಡಿಯ ಮುಂದೆ ಬಂದ ಮೇಲೆ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ಬೀದಿಯುದ್ದಕ್ಕೂ ಬೆಳಿಗ್ಗೆಯೇ ಬಂದು ನಿಂತ ಮೋಟಾರು ಸೈಕಲುಗಳು. ಸುತ್ತಿ ಸುತ್ತಿ ಇನ್ನೂರು ಗಜ ಆಚೆ ಎಲ್ಲೋ ಒಂದು ಸಂದು ಸಿಕ್ಕುತ್ತದೆ. ಅಲ್ಲಿಂದ ಊರುಗೋಲು ಊರಿಕೊಂಡು, ಜನರನ್ನು ತಪ್ಪಿಸಿಕೊಂಡು, ಚರಂಡಿ ದಾಟಿಕೊಂಡು ಅಂಗಡಿಗೆ ಬರಬೇಕು. ಒಂದು ಮಳೆಯ ದಿನ ಚರಂಡಿಯ ಚಪ್ಪಡಿಯ ಮೇಲೆ ಊರುಗೋಲು ಜಾರಿತು. ಉಳಿದಿದ್ದ ಕಾಲಿನ ಮೂಳೆಯೂ ಮುರಿಯಿತು. ಮೂರು ತಿಂಗಳು ಅಂಗಡಿ ಮುಚ್ಚಿತು. ಅಂಗಡಿಯ ಬಾಡಿಗೆ ಮಾತ್ರ ನಿಲ್ಲಲಿಲ್ಲ.

ಈಗ ಹೇಳಿ, ಇದು ಜುಟ್ಟಿನ ಪ್ರಶ್ನೆಯೋ ಹೊಟ್ಟೆಯ ಪ್ರಶ್ನೆಯೋ?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಇದು ಅದೇ. ಸರ್ಕಾರದ ಹಣ ವೆಚ್ಚವಾಯಿತು, ಗಾಡಿ ಬಂತು, ಆರು ಮೈಲಿ ದಾರಿ ಸವೆಯಿತು. ಕೊನೆಯ ನೂರು ಹೆಜ್ಜೆಯಲ್ಲಿ ಎಲ್ಲವೂ ಕೈಕೊಟ್ಟಿತು. ನಾನು ಇಂದು ಹೇಳುವುದೆಲ್ಲ ಆ ಕೊನೆಯ ನೂರು ಹೆಜ್ಜೆಯ ವಿಷಯ.

ಇವರು ಯಾರು?

ಅಂಗವಿಕಲರು ಎಂದರೆ ಎಲ್ಲೋ ಇರುವ ಬೇರೆಯ ಜನರೆಂದು ನಾವು ಭಾವಿಸುತ್ತೇವೆ. ಹಾಗಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು. ಆ ಗಣತಿ ನಡೆದಾಗ ಲೆಕ್ಕಕ್ಕೆ ಹಿಡಿದದ್ದು ಎಂಟು ಬಗೆ ಮಾತ್ರ. 2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೀಗಾಗಿ ಸಂಖ್ಯೆ ಆ ಲೆಕ್ಕಕ್ಕಿಂತ ಹೆಚ್ಚೇ ಇರಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ನೋಡಿ. ಇಂದು ಪಕ್ಕಗಾಲಿಯ ಸ್ಕೂಟರಿನಲ್ಲಿ ಬರುವ ನಡುವಯಸ್ಸಿನವರಲ್ಲಿ ಬಾಲ್ಯದಲ್ಲಿ ಪೋಲಿಯೋ ತಗುಲಿದವರಿದ್ದಾರೆ. 2011ರ ಜನವರಿಯ ನಂತರ ಆ ಕಾಡು ಪೋಲಿಯೋದ ಒಂದು ಪ್ರಕರಣವೂ ದೇಶದಲ್ಲಿ ಕಂಡುಬಂದಿಲ್ಲ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಣೆಯೂ ಆಯಿತು. ರೋಗ ಹೋಯಿತು, ಸಂತೋಷ. ಆದರೆ ಅದು ಬಡಿದುಹೋದ ಕಾಲುಗಳು ನಮ್ಮ ನಡುವೆಯೇ ಇವೆ. ಶಿರಾದ ಪಕ್ಕದಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿ ಹಗಲಿರುಳೂ ಹರಿಯುತ್ತಿದೆ. ಹೆದ್ದಾರಿಯ ಅಪಘಾತ ಏನು ಮಾಡುತ್ತದೆಂಬುದನ್ನು ಆ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಪಾವಗಡದ ಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು ಎಂಬುದು ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೀಲುಗಳು ಬಿಗಿಯುತ್ತವೆ, ಕಡೆಗೆ ಬೆನ್ನು ಬಾಗುತ್ತದೆ. ಅಂಥವರು ಮಗನ ಮೋಟಾರು ಸೈಕಲಿನ ಹಿಂದೆ ಕುಳಿತು ಆಸ್ಪತ್ರೆಗೆ ಬರುತ್ತಾರೆ. ನೀರಿನ ಪ್ರಶ್ನೆ ಬೇರೆ, ಗಾಡಿಯ ಪ್ರಶ್ನೆ ಬೇರೆ ಎಂದ ಮಿತ್ರರಿಗೆ ನನ್ನ ಉತ್ತರ ಇದೇ: ನೀರಿನಿಂದ ಬೆನ್ನು ಬಾಗಿದವನೇ ಆಸ್ಪತ್ರೆಯ ಮುಂದೆ ಇಳಿಯಲು ಜಾಗ ಹುಡುಕುತ್ತಿದ್ದಾನೆ.

ಇನ್ನು ಗಿರಣಿಯ ಮಾತು. ಕೆಲಸ ಮಾಡುವಾಗ ಕೈಕಾಲು ಕಳೆದುಕೊಂಡವನಿಗೆ ಪರಿಹಾರ ಕೊಡಬೇಕೆಂಬ ಕಾನೂನು 1923ರಷ್ಟು ಹಳೆಯದು. ಯಾವ ಅಂಗ ಹೋದರೆ ಶೇಕಡಾ ಎಷ್ಟು ಎಂದು ಅದರಲ್ಲಿ ಪಟ್ಟಿಯೇ ಇತ್ತು. ಕಾಲಿಗೆ ಬೆಲೆ ಕಟ್ಟುವ ಲೆಕ್ಕ ನೂರು ವರ್ಷದ ಹಿಂದೆಯೇ ಆಯಿತು. ಕಾಲು ಹೋದವನು ನಾಳೆ ಪೇಟೆಗೆ ಹೇಗೆ ಬರುತ್ತಾನೆ ಎಂಬ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ.

ಹೆಸರುಗಳು ಮಾತ್ರ ಬದಲಾಗುತ್ತ ಬಂದಿವೆ. ಮೊದಲು ಕುಂಟ, ಕುರುಡ ಎಂದರು. ಆಮೇಲೆ ಅಂಗವಿಕಲ ಎಂದರು. ಇಲಾಖೆಯ ಫಲಕದಲ್ಲಿ ವಿಕಲಚೇತನ ಎಂದಾಯಿತು. ದೆಹಲಿಯವರು ದಿವ್ಯಾಂಗ ಎಂದರು. ಗೌರವದ ಮಾತು ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೆ ದಿವ್ಯವಾದ ಹೆಸರಿಟ್ಟು ಚರಂಡಿಯ ಆಚೆ ನಿಲ್ಲಿಸಿದರೆ ಅದು ಗೌರವವಾಗುವುದಿಲ್ಲ.

ಗಾಡಿಯೇ ಕಾಲು

ಪಕ್ಕಗಾಲಿಯ ಸ್ಕೂಟರನ್ನು ನಾವೆಲ್ಲರೂ ನೋಡಿದ್ದೇವೆ. ಅದರ ಕಷ್ಟವನ್ನು ಬಲ್ಲವರು ಕಡಿಮೆ. ನಾವು ನಮ್ಮ ಮೋಟಾರು ಸೈಕಲನ್ನು ಎರಡು ಗಾಡಿಗಳ ನಡುವೆ ಓರೆಯಾಗಿ ತೂರಿಸುತ್ತೇವೆ, ಹ್ಯಾಂಡಲು ಹಿಡಿದು ಹಿಂದಕ್ಕೆ ಎಳೆಯುತ್ತೇವೆ, ಸ್ಟ್ಯಾಂಡು ಹಾಕುತ್ತೇವೆ. ಪಕ್ಕಗಾಲಿಯ ಗಾಡಿ ಹಾಗೆ ತೂರುವುದಿಲ್ಲ. ಅದರ ಅಗಲ ಹೆಚ್ಚು. ಸಾಮಾನ್ಯವಾಗಿ ಅದಕ್ಕೆ ಹಿಂದಕ್ಕೆ ಹೋಗುವ ಗೇರು ಇರುವುದಿಲ್ಲ. ಹಿಂದಕ್ಕೆ ತಳ್ಳಬೇಕಾದರೆ ನೆಲಕ್ಕೆ ಕಾಲು ಕೊಟ್ಟು ತಳ್ಳಬೇಕು. ಕಾಲಿಲ್ಲವೆಂದೇ ಅಲ್ಲವೆ ಈ ಗಾಡಿ ಕೊಟ್ಟದ್ದು! ಇನ್ನು ಅವರ ಗಾಡಿಯ ಹಿಂದೆ ಯಾರಾದರೂ ಅಡ್ಡವಾಗಿ ಮೋಟಾರು ಸೈಕಲು ನಿಲ್ಲಿಸಿ ಬೀಗ ಹಾಕಿಕೊಂಡು ಹೋದರೆ ಮುಗಿಯಿತು. ಆ ಮಹಾನುಭಾವ ಟೀ ಕುಡಿದು ಬರುವ ತನಕ ಇವರು ಬಿಸಿಲಿನಲ್ಲಿ ಕಾಯಬೇಕು.

ಗಾಡಿ ನಿಂತರೆ ಸಾಲದು, ಇಳಿಯಬೇಕು. ಇಳಿಯಲು ಪಕ್ಕದಲ್ಲಿ ಮೂರಡಿ ಜಾಗ ಬೇಕು, ಊರುಗೋಲು ಊರಲು ಗಟ್ಟಿ ನೆಲ ಬೇಕು. ಸಡಿಲ ಜಲ್ಲಿಯ ಮೇಲೆ ಊರುಗೋಲು ಹೂಳುತ್ತದೆ. ಇಳಿಜಾರಿನಲ್ಲಿ ಗಾಡಿಯೇ ಜಾರುತ್ತದೆ. ಇಳಿದ ಮೇಲೆ ಜಗಲಿಗೋ ಬಾಗಿಲಿಗೋ ಹೋಗುವ ದಾರಿಯಲ್ಲಿ ಬಾಯಿ ತೆರೆದ ಚರಂಡಿ ಇರಬಾರದು. ಇವೇನೂ ದೊಡ್ಡ ಇಂಜಿನಿಯರಿಂಗ್ ವಿದ್ಯೆಯಲ್ಲ. ಒಂದು ದಿನ ಅವರ ಜೊತೆಯಲ್ಲಿ ಪೇಟೆ ಬೀದಿಯಲ್ಲಿ ನಡೆದರೆ ಯಾರಿಗಾದರೂ ತಿಳಿಯುತ್ತದೆ.

ಆದುದರಿಂದ ಜಾಗ ಹೇಗಿರಬೇಕು? ಗಾಡಿ ಒಂದು ಕಡೆಯಿಂದ ಒಳಗೆ ಬಂದು, ಹಿಂದಕ್ಕೆ ಸರಿಯದೆಯೇ ಮುಂದಕ್ಕೆ ಹೊರಟುಹೋಗುವಂತಿರಬೇಕು. ಗಾಡಿಗೂ ಇಳಿಯುವುದಕ್ಕೂ ಸೇರಿ ನನ್ನ ಅಂದಾಜಿನಲ್ಲಿ ಏಳಡಿ ಅಗಲ, ಎಂಟಡಿ ಉದ್ದ ಸಾಕು. ನನ್ನ ಅಂದಾಜನ್ನು ನಂಬಬೇಡಿ. ಗಾಡಿ ಇರುವವರನ್ನೇ ಕರೆದು ಟೇಪು ಹಿಡಿದು ಅಳೆಯಿರಿ.

ಕಾನೂನು ಏನು ಹೇಳುತ್ತದೆ?

ನಾವು ಹೊಸದೇನನ್ನೂ ಬೇಡುತ್ತಿಲ್ಲ. ಕಾನೂನು ಆಗಲೇ ಇದೆ. 1995ರಲ್ಲಿ ಪಾರ್ಲಿಮೆಂಟು ಅಂಗವಿಕಲರ ಬಗ್ಗೆ ಮೊದಲ ಸಮಗ್ರ ಕಾನೂನನ್ನು ಒಪ್ಪಿತು. ಅದೂ ತಾನಾಗಿ ಬರಲಿಲ್ಲ; ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಜಾವೆದ್ ಅಬಿದಿ ಮತ್ತು ಅವರ ಜೊತೆಗಾರರು ದೆಹಲಿಯ ಬೀದಿಗೆ ಇಳಿದು ಹೋರಾಡಿದ ಮೇಲೆ ಬಂತು. ಅದರ ಸ್ಥಾನದಲ್ಲಿ ಈಗ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 41ನೇ ಪ್ರಕರಣವನ್ನು ನೆನಪಿನಲ್ಲಿಡಿ. ಬಸ್ ನಿಲ್ದಾಣದಲ್ಲಿ ವಾಹನ ನಿಲ್ಲಿಸುವ ಜಾಗವನ್ನೂ ಶೌಚಾಲಯವನ್ನೂ ಟಿಕೆಟಿನ ಕಿಟಕಿಯನ್ನೂ ಅಂಗವಿಕಲರಿಗೆ ತಕ್ಕಂತೆ ಮಾಡಬೇಕು, ರಸ್ತೆಗಳೂ ಅವರು ಓಡಾಡುವಂತಿರಬೇಕು ಎಂದು ಅದು ಸರ್ಕಾರಕ್ಕೆ ವಿಧಿಸುತ್ತದೆ. 45ನೇ ಪ್ರಕರಣ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಅವಧಿ ಕೊಟ್ಟಿತು. ನಿಯಮಗಳು 2017ರ ಜೂನ್ ತಿಂಗಳಲ್ಲಿ ಹೊರಬಿದ್ದವು. ಐದು ವರ್ಷ ಎಂದರೆ 2022ರ ಜೂನ್. ಅವಧಿ ಮುಗಿದು ಎಷ್ಟು ಕಾಲವಾಯಿತೆಂದು ನೀವೇ ಲೆಕ್ಕ ಹಾಕಿ.

ಅಳತೆಯೂ ಇದೆ. ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ, ಎಂದರೆ ಸುಮಾರು ನೂರಡಿಯೊಳಗೆ, ಅಂಗವಿಕಲರ ಎರಡು ಕಾರುಗಳಿಗೆ ಜಾಗ ಇರಬೇಕು, ಒಂದೊಂದೂ 3.6 ಮೀಟರು ಅಗಲವಿರಬೇಕು ಎಂದು ಕೇಂದ್ರದ ಲೋಕೋಪಯೋಗಿ ಇಲಾಖೆ 1998ರಲ್ಲಿಯೇ ಬರೆದಿಟ್ಟಿತು. 3.6 ಮೀಟರು ಎಂದರೆ ಹತ್ತಿರ ಹತ್ತಿರ ಹನ್ನೆರಡಡಿ. ಗಾಲಿಕುರ್ಚಿಯನ್ನು ಕಾರಿನ ಪಕ್ಕದಲ್ಲಿ ಬಿಚ್ಚಿ ಕುಳಿತುಕೊಳ್ಳಲು ಆ ಅಗಲ ಬೇಕು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಅಳತೆ ಕಾರಿನದು. ನಮ್ಮ ಸೀಮೆಯ ಅಂಗವಿಕಲನಿಗೆ ಕಾರು ಎಲ್ಲಿಂದ ಬರಬೇಕು? ಅವನ ಗಾಡಿ ಪಕ್ಕಗಾಲಿಯ ಸ್ಕೂಟರು, ಇಲ್ಲವೆ ಬಾಡಿಗೆಯ ಆಟೋ. ಪುಸ್ತಕದಲ್ಲಿರುವ ಕಾರಿನ ಒಂದು ಜಾಗದಲ್ಲಿ ಇಂಥ ಎರಡು ಸ್ಕೂಟರು ಹಾಯಾಗಿ ನಿಲ್ಲುತ್ತವೆ. ದೊಡ್ಡ ನಗರದ ನಕ್ಷೆಯನ್ನು ತಂದು ಇಲ್ಲಿ ಅಂಟಿಸದೆ ನಮ್ಮ ಊರಿನ ಗಾಡಿಗೆ ನಮ್ಮ ಊರಿನ ಅಳತೆ ಮಾಡಿಕೊಳ್ಳಬೇಕು. ಕಾರಿನಲ್ಲಿ ಬರುವವರಿಗೂ ಒಂದೆರಡು ಜಾಗ ಇರಲಿ. ಉಳಿದದ್ದು ಸ್ಕೂಟರಿಗೆ ತಕ್ಕಂತಿರಲಿ.

ಹೀಗಿದ್ದರೂ ಕೆಲಸ ಏಕೆ ಆಗಲಿಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಾಯಿದೆ "ಮಾಡಲೇಬೇಕು" ಎಂದಿತು. ಅದರ ಕೆಳಗೆ ಬರೆದ 15ನೇ ನಿಯಮ ಬರಿಯ ಮಾರ್ಗಸೂಚಿಗಳನ್ನು ತೋರಿಸಿ "ಮಾಡಿದರೆ ಒಳ್ಳೆಯದು" ಎಂಬ ಮಟ್ಟಕ್ಕೆ ಇಳಿಯಿತು. ದೃಷ್ಟಿಹೀನರಾದ ರಾಜೀವ್ ರಾತುರಿ ಎಂಬುವರು 2005ರಲ್ಲಿಯೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅವರ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು: ಈ ನಿಯಮ ಮೂಲ ಕಾಯಿದೆಗೆ ವಿರುದ್ಧವಾದದ್ದು, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳಲ್ಲಿ ಗೊತ್ತುಪಡಿಸಿ ಎಂದು ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ಹೇಳಿತು. ಒಬ್ಬ ಮನುಷ್ಯ ಹತ್ತೊಂಬತ್ತು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ನಮಗೆ ತಂದುಕೊಟ್ಟ ಮಾತು ಇದು: ಇದು ದಾನವಲ್ಲ, ಹಕ್ಕು.

ಗಿರಣಿಗಳ ಊರಿನ ಒಂದು ಪಾಠ

ಬೇರೆ ದೇಶದ ಒಂದು ಸಂಗತಿಯನ್ನು ಹೇಳುತ್ತೇನೆ; ಗಿರಣಿ ಕೆಲಸಗಾರರು ಕೇಳತಕ್ಕದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಟ್ಟೆಗಿರಣಿಗಳಿಂದ ಬೆಳೆದ ಊರು. ಅಲ್ಲಿಯ ಬಡ ಕುಟುಂಬವೊಂದರಲ್ಲಿ ಆಲ್ಫ್ ಮಾರಿಸ್ ಹುಟ್ಟಿದರು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ದೇಹ ಜರ್ಜರಿತವಾಗಿ ಮನೆಗೆ ಬಂದವರು. ಆ ಮನೆಯ ಕಷ್ಟವನ್ನು ಕಂಡು ಬೆಳೆದ ಹುಡುಗ ಮುಂದೆ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ಹೋದರು. ಮಂತ್ರಿಯಾಗಿರಲಿಲ್ಲ, ಸಾಮಾನ್ಯ ಸದಸ್ಯರಾಗಿಯೇ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. 1970ರ ಮೇ 29ರಂದು ಅದು ಕಾನೂನಾಯಿತು. ಅಂಗವಿಕಲರಿಗೆ ಗಾಡಿ ನಿಲ್ಲಿಸುವ ಬಿಲ್ಲೆ ಕೊಡಬೇಕೆಂಬ ವಿಧಿ ಅದರಲ್ಲಿತ್ತು. 1971ರಿಂದ ಕಿತ್ತಳೆ ಬಣ್ಣದ ಬಿಲ್ಲೆ ಕೊಡತೊಡಗಿದರು. 2000ದಲ್ಲಿ ಅದು ನೀಲಿಯಾಯಿತು. 1974ರಲ್ಲಿ ಅಂಗವಿಕಲರಿಗಾಗಿಯೇ ಒಬ್ಬ ಮಂತ್ರಿಯನ್ನು ನೇಮಿಸಿದಾಗ ಮೊದಲ ಮಂತ್ರಿಯಾದವರೂ ಅವರೇ.

ಆ ಪದ್ಧತಿಯಲ್ಲಿ ನಮಗೆ ಬೇಕಾದ ಎರಡು ವಿವೇಕಗಳಿವೆ. ಒಂದು, ಬಿಲ್ಲೆ ಗಾಡಿಗಲ್ಲ, ಮನುಷ್ಯನಿಗೆ. ಅವನು ಇಂದು ಮಗನ ಗಾಡಿಯಲ್ಲಿ ಬರಬಹುದು, ನಾಳೆ ನೆರೆಯವನ ಗಾಡಿಯಲ್ಲಿ ಬರಬಹುದು. ಹಕ್ಕು ಅವನ ಜೊತೆಯಲ್ಲಿ ಬರುತ್ತದೆ. ಎರಡು, ಅಂಗವಿಕಲನ ಮನೆಯ ಮುಂದೆ ಬೀದಿಯಲ್ಲಿ ಗುರುತು ಹಾಕಿದ ಜಾಗವೂ ಸಾಮಾನ್ಯವಾಗಿ ಅವನ ಸ್ವಂತ ಆಸ್ತಿಯಲ್ಲ. ಬಿಲ್ಲೆಯಿರುವ ಯಾರು ಬೇಕಾದರೂ ಅಲ್ಲಿ ನಿಲ್ಲಿಸಬಹುದು. ಬೀದಿ ಬೀದಿಯಾಗಿಯೇ ಉಳಿಯಿತು, ಅವಶ್ಯಕತೆಯೂ ತೀರಿತು. ನಮ್ಮಲ್ಲಿ ಹೊಸ ಬಿಲ್ಲೆ ಮುದ್ರಿಸುವ ಅಗತ್ಯವೂ ಇಲ್ಲ. ಕೇಂದ್ರ ಸರ್ಕಾರದ ಯುಡಿಐಡಿ ಗುರುತಿನ ಚೀಟಿ ಇದೆ. ಅದನ್ನು ತೋರಿಸಿದರೆ ಸಾಕು ಎಂದು ಗೊತ್ತುಮಾಡಿದರೆ ಮುಗಿಯಿತು.

ವ್ಯಾಪಾರಿ ಮಿತ್ರರಿಗೆ ಒಂದು ಮಾತು

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇದುವರೆಗೆ ಸರ್ಕಾರವನ್ನು ಬೈದಾಗ ತಾವು ತಲೆದೂಗಿದಿರಿ. ಇನ್ನು ನಮ್ಮನ್ನು ನಾವು ಕೇಳಿಕೊಳ್ಳಬೇಕು. ಪೇಟೆ ಬೀದಿಯ ಜಾಗವನ್ನು ಹಿಡಿದಿರುವವರು ಯಾರು? ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಅಂಗಡಿಯ ಮುಂದೆ ನಿಂತು ಎಣಿಸಿ. ಅಲ್ಲಿರುವ ಗಾಡಿಗಳಲ್ಲಿ ಗಿರಾಕಿಯದೆಷ್ಟು, ಅಂಗಡಿಯವರದೆಷ್ಟು? ಬಾಗಿಲು ತೆರೆಯುವಾಗ ನಿಲ್ಲಿಸಿದ ನಮ್ಮ ಗಾಡಿ ರಾತ್ರಿ ಬಾಗಿಲು ಹಾಕುವ ತನಕ ಅಲ್ಲಿಯೇ ಇರುತ್ತದೆ. ಅದರ ಮುಂದೆ ನಮ್ಮ ಮೂಟೆ, ಡಬ್ಬ, ಫಲಕ. ಗಿರಾಕಿಗೇ ಜಾಗವಿಲ್ಲದ ಮೇಲೆ ಊರುಗೋಲಿನವನಿಗೆ ಎಲ್ಲಿಯ ಜಾಗ?

"ನನ್ನ ಅಂಗಡಿಯ ಮುಂದೆಯೇ ಏಕೆ ಗೀಟು ಎಳೆಯಬೇಕು, ನನ್ನ ವ್ಯಾಪಾರ ಕೆಡುವುದಿಲ್ಲವೆ?" ಎಂದು ಕೇಳುವವರಿದ್ದಾರೆ. ಅವರ ಭಯವನ್ನು ನಾನು ಹಗುರ ಮಾಡುವುದಿಲ್ಲ. ದಿನದ ಗಳಿಕೆಯಲ್ಲಿ ದಿನ ದೂಡುವವನಿಗೆ ಅಂಗಡಿಯ ಮುಂದಿನ ಹತ್ತಡಿ ದೊಡ್ಡದೇ. ಆದರೆ ಯೋಚಿಸಿ. ಗೀಟು ಎಳೆದ ಜಾಗದಲ್ಲಿ ನಿಲ್ಲುವ ಗಾಡಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವುದು ಕಡಿಮೆ. ಒಬ್ಬ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಬಂದವನೂ ಸೋಪು, ಬೇಳೆ, ಬಟ್ಟೆ ಕೊಳ್ಳುವ ಮನುಷ್ಯನೇ. ಇಂದು ಅವನು ಮನೆಯಲ್ಲಿ ಕುಳಿತು ಇನ್ನೊಬ್ಬರ ಕೈಯಲ್ಲಿ ಚೀಟಿ ಕೊಟ್ಟು ತರಿಸುತ್ತಿದ್ದಾನೆ. ಇಳಿಯಲು ಜಾಗವಿರುವ ಬೀದಿಗೆ ಅವನೂ ಬರುತ್ತಾನೆ, ಮೊಣಕಾಲು ನೋವಿನ ಅಜ್ಜಿಯೂ ಬರುತ್ತಾಳೆ. ಇನ್ನೊಂದು ಮಾತು: ನಮ್ಮಲ್ಲಿ ಯಾರಿಗೂ ಕಾಲು ಶಾಶ್ವತವೆಂದು ಬರೆದುಕೊಟ್ಟಿಲ್ಲ. ಇಂದು ಗಲ್ಲದ ಮೇಲೆ ಕುಳಿತವನಿಗೆ ಎಪ್ಪತ್ತು ವರ್ಷವಾದಾಗ ಆ ಗೀಟಿನ ಬೆಲೆ ತಿಳಿಯುತ್ತದೆ.

ತಳ್ಳುಗಾಡಿಯ ಸೋದರರಿಗೂ ಒಂದು ಮಾತು ಹೇಳಬೇಕು. ಅಂಗವಿಕಲರ ಹೆಸರಿನಲ್ಲಿ ನಿಮ್ಮನ್ನು ಎಬ್ಬಿಸುವ ಉಪಾಯವನ್ನು ಕೆಲವರು ಹೂಡಬಹುದು. ಅದನ್ನು ನಾವು ಒಪ್ಪುವುದಿಲ್ಲ. ಒಬ್ಬ ಬಡವನ ಬಾಯಿಂದ ಕಿತ್ತು ಇನ್ನೊಬ್ಬ ಬಡವನ ಬಾಯಿಗೆ ಇಡುವುದು ನ್ಯಾಯವಲ್ಲ. ಬೀದಿ ವ್ಯಾಪಾರಿಗಳ 2014ರ ಕಾನೂನಿನ ಪ್ರಕಾರ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಅಂಗವಿಕಲರಿಗೂ ತಕ್ಕ ಸ್ಥಾನವಿರಬೇಕು. ಗೀಟು ಎಳೆಯುವ ಮೊದಲು ಆ ಸಮಿತಿ ಕುಳಿತು ಮಾತಾಡಲಿ. ಬಾಳೆಹಣ್ಣಿನ ತಳ್ಳುಗಾಡಿ ನಾಲ್ಕಡಿ ಆಚೆ ಸರಿದರೆ ಇಬ್ಬರೂ ಬದುಕುತ್ತಾರೆ. ದಿನವಿಡೀ ನಿಂತಿರುವ ಖಾಲಿ ಗಾಡಿಗಳು ಮೊದಲು ಸರಿಯಲಿ, ಅನ್ನ ದುಡಿಯುವ ಗಾಡಿ ಕೊನೆಗೆ.

ನಾಲ್ಕು ಊರುಗಳಲ್ಲಿ ಆಗಬೇಕಾದದ್ದು

ಮಧುಗಿರಿ ಉಪವಿಭಾಗಕ್ಕೆ ಈ ನಾಲ್ಕು ತಾಲ್ಲೂಕುಗಳು ಸೇರಿವೆ. ಉಪವಿಭಾಗಾಧಿಕಾರಿಯ ಕಚೇರಿ ಇಲ್ಲಿಯೇ ಇದೆ. ಕೆಎ-64 ಸಂಖ್ಯೆ ಕೊಡುವ ಸಾರಿಗೆ ಕಚೇರಿಯೂ ಇಲ್ಲಿಯೇ ಇದೆ. ಪಾವಗಡದ ಅಂಗವಿಕಲನೊಬ್ಬ ಅರ್ಧ ದಿನದ ದಾರಿ ಮಾಡಿಕೊಂಡು ಇಲ್ಲಿಗೆ ಬರುತ್ತಾನೆ. ಬಂದವನಿಗೆ ಕಚೇರಿಯ ಬಾಗಿಲಿನ ಹತ್ತಿರ ಇಳಿಯಲು ಜಾಗವಿರಬೇಕೆಂಬುದು ದೊಡ್ಡ ಬೇಡಿಕೆಯೆ?

ನಮ್ಮ ಬೇಡಿಕೆಗಳು ಇವು. ಮೊದಲನೆಯದು, ಪ್ರತಿ ಊರಿನಲ್ಲಿಯೂ ತಾಲ್ಲೂಕು ಕಚೇರಿ, ಸರ್ಕಾರಿ ಆಸ್ಪತ್ರೆ, ಬಸ್ ನಿಲ್ದಾಣ, ನ್ಯಾಯಾಲಯ, ಅಂಚೆ ಕಚೇರಿ, ಬ್ಯಾಂಕು, ಸಂತೆ ಮೈದಾನ ಇವುಗಳ ಬಾಗಿಲಿನಿಂದ ನೂರಡಿಯೊಳಗೆ ಗುರುತು ಹಾಕಿದ ಜಾಗ ಇರಬೇಕು. ಪಾವಗಡದ ಶನಿಮಹಾತ್ಮನ ದೇವಸ್ಥಾನ, ಗೊರವನಹಳ್ಳಿಯ ಲಕ್ಷ್ಮಿಯ ಸನ್ನಿಧಿ ಮೊದಲಾಗಿ ಜನ ಮುತ್ತುವ ಕಡೆಗಳಲ್ಲಿಯೂ ಇರಬೇಕು. ಎರಡನೆಯದು, ಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಥವಾ ಇಕ್ಕಟ್ಟಿನ ಬೀದಿಯಲ್ಲಿ ವಾಸಿಸುವ ಅಂಗವಿಕಲನು ಕೇಳಿದರೆ ಅವನ ಬಾಗಿಲಿನ ಹತ್ತಿರ ಒಂದು ಜಾಗ ಗುರುತು ಮಾಡಬೇಕು. ಮೂರನೆಯದು, ಸ್ವಂತ ಗಾಡಿ ಇಲ್ಲದವರನ್ನು ಆಟೋದವರು ಅಲ್ಲಿ ಇಳಿಸಿ ಹತ್ತಿಸಲು ಅವಕಾಶವಿರಬೇಕು. ನಾಲ್ಕನೆಯದು, ಜಾಗದಿಂದ ಬಾಗಿಲಿನವರೆಗೆ ಚರಂಡಿಗೆ ಗಟ್ಟಿ ಮುಚ್ಚಳ, ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಆಗಬೇಕು. ಐದನೆಯದು, ನೀಲಿಯ ಮೇಲೆ ಬಿಳಿಯ ಗಾಲಿಕುರ್ಚಿಯ ಚಿಹ್ನೆಯನ್ನು ನೆಲದ ಮೇಲೂ ಕಂಬದ ಮೇಲೂ ಬರೆಯಬೇಕು. 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿಯೊಬ್ಬಳು ರಚಿಸಿದ ಆ ಚಿಹ್ನೆಯನ್ನು ಅಕ್ಷರ ಬಾರದವರೂ ಓದಬಲ್ಲರು.

ಇದನ್ನು ಯಾರು ಮಾಡಬೇಕು? ಪುರಸಭೆಯನ್ನು ಕೇಳಿದರೆ ರಸ್ತೆ ಲೋಕೋಪಯೋಗಿ ಇಲಾಖೆಯದು ಎನ್ನಬಹುದು. ಇಲಾಖೆಯನ್ನು ಕೇಳಿದರೆ ಗಾಡಿಯ ವಿಷಯ ಪೋಲೀಸರದು ಎನ್ನಬಹುದು. ಪೋಲೀಸರು ಮೇಲಿನ ಆಜ್ಞೆ ಬರಲಿ ಎನ್ನಬಹುದು. ಈ ಚೆಂಡಾಟಕ್ಕೆ ನಾವು ಅವಕಾಶ ಕೊಡಕೂಡದು. 1988ರ ಮೋಟಾರು ವಾಹನ ಕಾಯಿದೆಯ 117ನೇ ಪ್ರಕರಣ ಸ್ಪಷ್ಟವಾಗಿದೆ: ವಾಹನಗಳು ಎಲ್ಲಿ ನಿಲ್ಲಬೇಕೆಂಬುದನ್ನು ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡಬಹುದು. ಆದ್ದರಿಂದ ಶಿರಾದ ನಗರಸಭೆ, ಮಧುಗಿರಿ ಪಾವಗಡಗಳ ಪುರಸಭೆ, ಕೊರಟಗೆರೆಯ ಪಟ್ಟಣ ಪಂಚಾಯತಿ, ಚುನಾಯಿತ ಸದಸ್ಯರಿರಲಿ ಆಡಳಿತಾಧಿಕಾರಿ ಇರಲಿ, ಜಾಗಗಳ ಪಟ್ಟಿ ಮಾಡಿ ನಿರ್ಣಯ ಕಳುಹಿಸಲಿ, ಜಿಲ್ಲಾಧಿಕಾರಿಗಳು ಅಧಿಸೂಚನೆ ಹೊರಡಿಸಲಿ, ಪೋಲೀಸರು ಕಾಯಲಿ.

ಹಣವಿಲ್ಲವೆಂದು ಹೇಳಲಾಗದು. ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಬಣ್ಣದ ಡಬ್ಬ, ಒಂದು ಕಂಬ, ನಾಲ್ಕು ಚಪ್ಪಡಿ: ಇಷ್ಟಕ್ಕೆ ಎಷ್ಟು ಹಣ ಬೇಕು? ಜಾಗವಿಲ್ಲವೆಂದೂ ಹೇಳಲಾಗದು. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೌರ ವಿದ್ಯುತ್ತಿಗಾಗಿ ಸುಮಾರು 13 ಸಾವಿರ ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಹೊಂದಿಸಿದ ಸರ್ಕಾರಕ್ಕೆ, ಆಸ್ಪತ್ರೆಯ ಮುಂದೆ ಏಳಡಿ ಎಂಟಡಿಯ ತುಂಡು ಹೊಂದಿಸಲಾಗದೆ?

ಮಾತು ಕೇಳದಿದ್ದರೆ ದಾರಿಯಿದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲಿಯೂ ಅಂಗವಿಕಲರ ಕುಂದುಕೊರತೆ ಕೇಳುವ ಅಧಿಕಾರಿ ಇರಬೇಕು. ಜಿಲ್ಲೆಗೊಂದು ಸಮಿತಿ ಇರಬೇಕು. ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ, ವಿಚಾರಣೆ ನಡೆಸುವಾಗ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕಾಯಿದೆ ಮೀರಿದವರಿಗೆ ಮೊದಲ ಸಲ 10 ಸಾವಿರ ರೂಪಾಯಿಗಳವರೆಗೆ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆಯಿರಿ, ತಾರೀಖು ಹಾಕಿರಿ, ಸ್ವೀಕೃತಿ ಪಡೆಯಿರಿ.

ಆದರೆ ಬಂಧುಗಳೆ, ಗೀಟು ಎಳೆದ ಮರುದಿನವೇ ಅದರ ಮೇಲೆ ಯಾರೋ ಮೋಟಾರು ಸೈಕಲು ನಿಲ್ಲಿಸುತ್ತಾರೆ. ಆಗ ಅಲ್ಲಿ ಆಯುಕ್ತರೂ ಇರುವುದಿಲ್ಲ, ಸುಪ್ರೀಂ ಕೋರ್ಟೂ ಇರುವುದಿಲ್ಲ. ಎದುರಿನ ಅಂಗಡಿಯವರು ಇರುತ್ತಾರೆ, ಟೀ ಕುಡಿಯಲು ಬಂದ ಹಮಾಲಿ ಇರುತ್ತಾನೆ, ಪಾಳಿ ಮುಗಿಸಿ ಬರುವ ಗಿರಣಿಯವನು ಇರುತ್ತಾನೆ. "ಅಣ್ಣಾ, ಅದು ಬೇರೆಯವರ ಜಾಗ, ಸ್ವಲ್ಪ ಆಚೆ ನಿಲ್ಲಿಸು" ಎಂದು ಒಬ್ಬರು ಹೇಳಿದರೆ ಸಾಕು. ಅದನ್ನು ಹೇಳುವ ಬಾಯಿ ನಮ್ಮದಾಗಬೇಕು.

ಆದುದರಿಂದ ಇಂದು ರಾತ್ರಿ ಹೋಗುವ ಮೊದಲು ಒಂದು ಕೆಲಸ ಮಾಡೋಣ. ಪ್ರತಿ ಊರಿನಿಂದ ಇಬ್ಬರು ಕೆಲಸಗಾರರು, ಇಬ್ಬರು ವ್ಯಾಪಾರಿಗಳು ಹೆಸರು ಕೊಡಿ. ಅಂಗವಿಕಲರನ್ನೇ ಮುಂದಿಟ್ಟುಕೊಂಡು, ಈ ತಿಂಗಳಲ್ಲಿ ನಿಮ್ಮ ಊರಿನ ಬೀದಿಗಳನ್ನು ಟೇಪು ಹಿಡಿದು ನಡೆಯಿರಿ. ಎಲ್ಲಿ ಜಾಗ ಬೇಕು, ಎಲ್ಲಿ ಚರಂಡಿ ತೆರೆದಿದೆ, ಎಲ್ಲಿ ಮೆಟ್ಟಿಲು ಅಡ್ಡವಿದೆ ಎಂದು ಪಟ್ಟಿ ಮಾಡಿ. ನಾಲ್ಕು ಪಟ್ಟಿಗಳೂ ಸೇರಿದ ದಿನ ನಾವೆಲ್ಲ ಒಟ್ಟಾಗಿ ಉಪವಿಭಾಗಾಧಿಕಾರಿಯ ಕಚೇರಿಗೆ ಹೋಗೋಣ. ಊರುಗೋಲಿನವರು ಮುಂದೆ ನಡೆಯಲಿ. ಅವರ ಹೆಜ್ಜೆಗೆ ನಾವು ಹೆಜ್ಜೆ ಹಾಕೋಣ. ನಿಧಾನವಾದರೂ ಚಿಂತೆಯಿಲ್ಲ.